ಎರಡು ಅಂಕ ಕಡಿಮೆ

ಇಸ್ತ್ರಿ ಅಂಗಡಿಯ ಬಾಬು ಕಳೆದ ವಾರ ನನ್ನ ಅಂಗಿಗಳ ಮೇಲೆ ಒಂದು ಸಣ್ಣ ಕಾಗದದ ಪೊಟ್ಟಣ ಇಟ್ಟು ಕಳಿಸಿದ್ದ. ಹಳೆಯ ಅಂಗಿಯೊಂದರ ಜೇಬಿನಲ್ಲಿ ಸಿಕ್ಕಿತಂತೆ. ಗ್ರಹಕ್ಕೆಂದು ಕಟ್ಟಿಸಿದ ಹರಳು ಉಂಗುರದಿಂದ ಕಳಚಿದೆ, ಜೋಪಾನ ಎಂದು ಹೇಳಿಕಳಿಸಿದ್ದ. ಬಿಚ್ಚಿ ನೋಡಿದರೆ ನೀಲಿ ಬಣ್ಣದ, ಹತ್ತು ಮುಖದ ದಾಳ. ಪ್ರತಿ ಮುಖದ ಮೇಲೂ ಒಂದೊಂದು ಅಂಕಿ. ಬಾಬುವಿನ ತಪ್ಪಿಲ್ಲ. ಐವತ್ತೆರಡು ವಯಸ್ಸಿನ, ತಲೆಗೆ ಬಣ್ಣ ಹಚ್ಚುವ ಹೈಸ್ಕೂಲ್ ಮಾಸ್ತರನ ಜೇಬಿನಲ್ಲಿ ಹರಳು ಇರಬಹುದು, ಆಟದ ದಾಳ ಯಾಕೆ ಇರಬೇಕು? ಆದರೂ ಒಂದು ಮಾತು ಹೇಳುತ್ತೇನೆ: ಅದರಿಂದ ನನ್ನ ಯಾವ ಗ್ರಹವೂ ಶಾಂತವಾಗಲಿಲ್ಲ.

ದಾಳ ಉರುಳಿಸುವುದು ನನಗೆ ಎಳೆಯ ವಯಸ್ಸಿನಿಂದ ಬಂದದ್ದು. ಬೀಳಗಿಯಲ್ಲಿ ನಮ್ಮ ಅಜ್ಜಿ, ಎಂದರೆ ಅವ್ವನ ಅವ್ವ, ಮಧ್ಯಾಹ್ನದ ಊಟ ಮುಗಿಸಿ ಪಡಸಾಲೆಯ ಹಾಸುಗಲ್ಲಿನ ಮೇಲೆ ಸುಣ್ಣದಿಂದ ಮನೆಗಳನ್ನು ಬರೆದು ಕವಡಿ ಹಿಡಿದು ಕೂತುಬಿಡುತ್ತಿದ್ದಳು. ಅವಳು ಕವಡಿಗಳನ್ನು ಎಸೆಯುತ್ತಿರಲಿಲ್ಲ, ತನಗೆ ಬೇಕಾದ ಹಾಗೆ ನೆಲಕ್ಕೆ ಇಡುತ್ತಿದ್ದಳು. ಆಟ ಬೇಸರವಾದರೆ ನನಗೆ ಯಾರದಾದರೂ ನಕಲು ಮಾಡಿ ತೋರಿಸಲು ಹೇಳುತ್ತಿದ್ದಳು. ಅದರಲ್ಲಿ ನಾನು ಗಟ್ಟಿಗ. ಓಣಿಯಲ್ಲಿ ಒಬ್ಬ ದರ್ಜಿ ಇದ್ದ, ಅವನ ಒಂದು ಕಣ್ಣು ಗಾಜಿನದು. ಅಳತೆ ತೆಗೆಯುವಾಗ ಕಣ್ಣಿನ ಬದಲು ಇಡೀ ಕುತ್ತಿಗೆ ತಿರುಗಿಸುತ್ತಿದ್ದ. ನಾನು ಕೊರಳಿಗೆ ಟೇಪಿನಂತೆ ಲಾಡಿ ಹಾಕಿಕೊಂಡು, ಒಂದು ಕಣ್ಣು ಕದಲಿಸದೆ, ಅಜ್ಜಿಯ ತೋಳಿನ ಅಳತೆ ತೆಗೆಯುತ್ತಿದ್ದೆ. ಅವಳು ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಒಂದು ದಿನ ಹೊಲಿದ ಕುಪ್ಪಸ ಕೊಡಲು ಬಂದ ಆ ದರ್ಜಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಕುಪ್ಪಸ ಕೊಟ್ಟ, ದಾರದ ಬಣ್ಣ ಸ್ವಲ್ಪ ಹೊಂದಿಲ್ಲ, ಸಂಭಾಳಿಸಿಕೊಳ್ಳಿ ಎಂದ, ಹೋದ. ಬಾಗಿಲು ಹಾಕಿದ ಮೇಲೆ ಅಜ್ಜಿ ಮತ್ತೆ ನಕ್ಕಳು. ನಾನೂ ನಕ್ಕೆ. ಆ ವಯಸ್ಸಿನಲ್ಲಿ ನಗು ಬಂದರೆ ಸಾಕು, ಅದು ಯಾರ ಮನೆಯಿಂದ ಬಂತು ಎಂದು ಕೇಳುವುದಿಲ್ಲ. ಐವತ್ತು ದಾಟಿದ ಮೇಲೂ ನಾನು ಕೇಳಲಿಲ್ಲ ಎಂಬುದನ್ನು ಹೇಳಲಿಕ್ಕೇ ಇಷ್ಟು ಸುತ್ತುಬಳಸಿ ಬರುತ್ತಿದ್ದೇನೆ.

ಈ ನೀಲಿ ದಾಳ ಬಂದದ್ದು ಅಕ್ಕನ ಮಗಳಿಂದ. ಬೆಳಗಾವಿಯಲ್ಲಿ ವೈದ್ಯಕೀಯ ಓದುವ ಅವಳು ರಜೆಗೆ ಜಮಖಂಡಿಗೆ ಬಂದವಳು ಹೋಗುವಾಗ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಒಂದು ಚೀಲ ದಾಳಗಳನ್ನೂ ಬಿಟ್ಟುಹೋದಳು. ಅದೊಂದು ಆಟದ ಪುಸ್ತಕ. ಮನೆ ಬರೆದ ಹಾಸು ಇಲ್ಲ, ಕಾಯಿಗಳಿಲ್ಲ. ಒಬ್ಬ ಕೂತು ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರ ಹಿಡಿದು, ನಾನು ಬಾಗಿಲು ಒದೆಯುತ್ತೇನೆ, ನಾನು ಕಾವಲುಗಾರನನ್ನು ಮಾತಿನಲ್ಲಿ ಮರುಳು ಮಾಡುತ್ತೇನೆ ಎನ್ನುತ್ತಾರೆ. ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ಕಥೆ ನಡೆಯುವುದು ನೂರು ವರ್ಷ ಮುಂದಿನ ಒಂದು ಪಟ್ಟಣದಲ್ಲಿ. ಅಲ್ಲಿ ಜನ ಮೈಯೊಳಗೆ ಯಂತ್ರ ಕೂಡಿಸಿಕೊಂಡಿರುತ್ತಾರೆ: ಉಕ್ಕಿನ ಕೈ, ಕ್ಯಾಮೆರಾದ ಕಣ್ಣು, ತಲೆಯೊಳಗೆ ತಂತಿ. ನಾನು ಇಂಗ್ಲಿಷ್ ಮಾಸ್ತರ. ಇಂಗ್ಲಿಷ್ ಪುಸ್ತಕ ಕಂಡರೆ ಸುಮ್ಮನೆ ಕೂಡುವ ಜೀವವಲ್ಲ. ನೋಟುಬುಕ್ಕಿನಲ್ಲಿ ಅದರ ನಿಯಮಗಳನ್ನೆಲ್ಲ ಕನ್ನಡಕ್ಕೆ ಇಳಿಸಿ, ಆಡುವವರನ್ನು ಹುಡುಕಿದೆ.

ಮೂವರು ಸಿಕ್ಕರು. ಹಿಪ್ಪರಗಿಯ ಸಂಗಪ್ಪ ನನ್ನ ಸಾಲಿ ಗೆಳೆಯ, ಕಬ್ಬು ಬೆಳೆಯುವವ. ಅಂಗಿಗೆ ಅಂಟಿದ ಒಣಗರಿಯ ರವದಿಯ ಸಮೇತ ಬೈಕಿನಲ್ಲಿ ಬರುತ್ತಿದ್ದ. ನಜೀರ್ ಮುಧೋಳದಲ್ಲಿ ಫೋಟೋ ಸ್ಟುಡಿಯೋ ಇಟ್ಟವ. ಮದುವೆಗಳಿಲ್ಲದ ರವಿವಾರ ಬಸ್ಸು ಹಿಡಿದು ಬರುತ್ತಿದ್ದ. ಮೂರನೆಯವಳು ಬನಹಟ್ಟಿಯ ಗಿರಿಜಾ. ಮೂವತ್ತರ ಸಮೀಪದ ಹುಡುಗಿ, ವಿಜ್ಞಾನದ ಪದವಿ, ಬಿ.ಎಡ್. ಮುಗಿಸಿ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದಳು. ಯಾವುದೋ ಪರೀಕ್ಷೆಯ ಇಂಗ್ಲಿಷಿಗೆಂದು ನನ್ನ ಹತ್ತಿರ ಬಂದವಳು ಆಟಕ್ಕೆ ಕೂತಳು.

ಗಿರಿಜಾಗೆ ಹತ್ತೊಂಬತ್ತರಲ್ಲಿ ಮಿದುಳು ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಮೂರು ವರ್ಷ ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಆಪರೇಷನ್ ಆಯಿತು. ಬಲಗಿವಿಯ ಹಿಂದೆ ಅವರೆಕಾಳಿನಂತೆ ಬಾಗಿದ ಒಂದು ಯಂತ್ರ, ಅದರಿಂದ ಹೊರಟ ಸಣ್ಣ ತಂತಿ, ತಂತಿಯ ತುದಿಗೆ ರೂಪಾಯಿ ಅಗಲದ ಬಿಲ್ಲೆ. ಚರ್ಮದ ಒಳಗಿರುವ ಅಯಸ್ಕಾಂತಕ್ಕೆ ಆ ಬಿಲ್ಲೆ ತಲೆಯ ಮೇಲೆ ಅಂಟಿಕೊಂಡಿರುತ್ತಿತ್ತು. ಕೂದಲು ಇಳಿಬಿಟ್ಟರೆ ಮುಚ್ಚುತ್ತದೆ. ಅವಳು ಇಳಿಬಿಡುತ್ತಿರಲಿಲ್ಲ, ಬಿಗಿಯಾಗಿ ಹೆರಳು ಹಾಕಿಕೊಳ್ಳುತ್ತಿದ್ದಳು. ಹೊಸಬರು ಮೊದಲು ಅದನ್ನು ನೋಡುತ್ತಿದ್ದರು, ಆಮೇಲೆ ಬೇರೆ ಕಡೆ ನೋಡುತ್ತಿದ್ದರು, ಆಮೇಲೆ ಹೊಲದ ಆ ಬದುವಿನಲ್ಲಿ ನಿಂತವರನ್ನು ಕರೆದಂತೆ ಗಟ್ಟಿಯಾಗಿ ಮಾತಾಡುತ್ತಿದ್ದರು. ನಾನೂ ಹಾಗೇ ಮಾಡಿದ್ದೆ. ಬರೀ ಮೇಜಿನ ಮೇಲೆ ದಾಳ ಉರುಳಿದರೆ ತಲೆಯೊಳಗೆ ಕಲ್ಲು ಸುರಿದಂತಾಗುತ್ತದೆ ಎಂದು ಅವಳು ಹೇಳಿದ ಮೇಲೆ ನಮ್ಮ ಮನೆಯವಳು ಒಂದು ಹಳೆಯ ಕೌದಿ ಹಾಸಿಕೊಟ್ಟಳು. ಹೀಗೆ ನೂರು ವರ್ಷ ಮುಂದಿನ ಪಟ್ಟಣ ಕೌದಿಯ ಮೇಲೆ ಶುರುವಾಯಿತು.

ನಿಯಮಗಳಲ್ಲಿ ಒಂದನ್ನು ನಾನು ಬೇಕೆಂದೇ ಬರೆದುಕೊಂಡಿರಲಿಲ್ಲ. ಯಂತ್ರ ಹೊರಗೆ ಕಾಣುವಂತಿದ್ದ ಪಾತ್ರ ಅಪರಿಚಿತರನ್ನು ಮಾತಿನಿಂದ ಒಲಿಸಿಕೊಳ್ಳಬೇಕಾದರೆ ದಾಳದಲ್ಲಿ ಬಿದ್ದ ಅಂಕಿಯಿಂದ ಎರಡು ಕಳೆಯಬೇಕು. ಹೆದರಿಸಬೇಕಾದರೆ ಎರಡು ಕೂಡಿಸಬೇಕು. ಮುಚ್ಚಿಟ್ಟುಕೊಂಡರೆ ಕಳೆಯುವುದೂ ಇಲ್ಲ, ಕೂಡಿಸುವುದೂ ಇಲ್ಲ. ಗಿರಿಜಾ ಕೂತ ಮೇಜಿನಲ್ಲಿ ಇದನ್ನು ಓದಿ ಹೇಳುವುದು ಹೇಗೆ ಎಂದು ಬಿಟ್ಟಿದ್ದೆ. ನನ್ನ ಸೂಕ್ಷ್ಮತೆಯ ಬಗ್ಗೆ ನನಗೇ ಒಂದಿಷ್ಟು ಮೆಚ್ಚುಗೆಯೂ ಆಗಿತ್ತು. ಎರಡನೆಯ ರವಿವಾರ ಅವಳು ಇಂಗ್ಲಿಷ್ ಪುಸ್ತಕ ತಿರುವಿಹಾಕುತ್ತ ಆ ಪುಟದಲ್ಲಿ ನಿಂತಳು.

“ಸರ, ಇದೊಂದು ಯಾಕ ಬಿಟ್ಟೀರಿ?”

ಆಟ ಸರಳವಾಗಲಿ ಎಂದು ಏನೋ ತೊದಲಿದೆ. ಅವಳು ಇನ್ನೊಮ್ಮೆ ಓದಿದಳು.

“ಬರೇ ಎರಡಽ ಏನ್ರಿ?” ಎಂದಳು.

ನಜೀರ್ ನಕ್ಕುಬಿಟ್ಟ. ನಗಬಹುದೋ ಇಲ್ಲವೋ ಎಂದು ಸಂಗಪ್ಪ ಅವಳ ಮುಖ ನೋಡಿದ. ಅವಳೇ ನಗುತ್ತಿದ್ದಳು, ಹಾಗಾಗಿ ಎಲ್ಲರೂ ನಕ್ಕೆವು. ಅದನ್ನು ಹಾಕಿರಿ, ಆಡುವುದಾದರೆ ಖರೇನೇ ಆಡೋಣ ಎಂದು ಅವಳೇ ನನ್ನ ನೋಟುಬುಕ್ಕಿನಲ್ಲಿ ಆ ನಿಯಮ ಬರೆದಳು. ಅವಳ ಪಾತ್ರದ ಹೆಸರು ಚಂದ್ರಿ. ಕಪಾಳದಿಂದ ಕುತ್ತಿಗೆಯ ತನಕ ಹೊಳೆಯುವ ಉಕ್ಕಿನ ತಗಡು ಇದ್ದ ಹೆಂಗಸು, ಪಟ್ಟಣದ ತುಂಬ ಗುಟ್ಟಿನ ಸುದ್ದಿ ಮುಟ್ಟಿಸುವುದು ಅವಳ ಕಸುಬು. ತಲೆ ತುಂಬ ಸೆರಗು ಹೊದ್ದರೆ ಎರಡು ಅಂಕ ಉಳಿಯುತ್ತವಲ್ಲ ಎಂದು ಸಂಗಪ್ಪ ಲೆಕ್ಕ ಹೇಳಿಕೊಟ್ಟ. ಚಂದ್ರಿಗೆ ಸೆಕೆ ಆಗುತ್ತದೆ ಎಂದಳು ಗಿರಿಜಾ.

ಆಟ ನಡೆಸುವವ ನಾನು. ಎಂದರೆ ಪಟ್ಟಣದ ಉಳಿದ ಜನರೆಲ್ಲ ನಾನೇ. ಕಾವಲುಗಾರ, ರಿಕ್ಷಾದವ, ಮನೆ ಬಾಡಿಗೆ ಕೊಡುವ ಹೆಂಗಸು, ಎಲ್ಲರ ದನಿಯೂ ನನ್ನ ಬಾಯಿಂದಲೇ ಬರಬೇಕು. ನನ್ನ ಭವಿಷ್ಯದ ಪಟ್ಟಣ ನೋಡಿದರೆ ನಿಮಗೆ ನಗು ಬರುತ್ತಿತ್ತು. ಅದು ಜಮಖಂಡಿಯ ಬಸ್ ನಿಲ್ದಾಣಕ್ಕೆ ನೀಲಿ ದೀಪ ಹಚ್ಚಿದಂತಿತ್ತು. ನೂರು ವರ್ಷದ ನಂತರವೂ ಜನ ಮಿರ್ಚಿ ಭಜಿ ತಿನ್ನುತ್ತಿದ್ದರು. ಆದರೆ ಜನರನ್ನು ಮಾತ್ರ ನಾನು ಇದ್ದ ಹಾಗೇ, ಹುಬೇಹೂಬು ತಂದೆ. ಕಾವಲುಗಾರ ಚಂದ್ರಿಯನ್ನು ಏನೂ ಕೇಳದೆ, ಪಕ್ಕದವರನ್ನು “ಈಕಿ ಎಲ್ಲಿಗಿ ಹೊಂಟಾಳ” ಎಂದು ಕೇಳುತ್ತಿದ್ದ. ಬಾಡಿಗೆಯ ಹೆಂಗಸು ಸಿಹಿಯಾಗಿ ಮಾತಾಡಿ, ಚಂದ್ರಿ ಕುಡಿದ ಕಪ್ಪನ್ನು ಮಾತ್ರ ಎರಡು ಸಲ ತೊಳೆಯುತ್ತಿದ್ದಳು. ಪುಸ್ತಕದಲ್ಲಿ ಇದ್ದದ್ದು ಒಂದು ಅಂಕಿ. ಅದಕ್ಕೆ ಮಾತು, ಮುಖ, ಕೈಸನ್ನೆ ಎಲ್ಲ ನನ್ನವು. ಸಂಗಪ್ಪ ತೊಡೆ ತಟ್ಟಿಕೊಂಡು, ಮಾಸ್ತರು ನಾಟಕ ಕಂಪನಿಯಲ್ಲಿ ಇರಬೇಕಾಗಿತ್ತು ಎನ್ನುತ್ತಿದ್ದ. ನಾನು ಉಬ್ಬುತ್ತಿದ್ದೆ. ಚಂದ್ರಿಗೆ ಒಬ್ಬ ಒಳ್ಳೆಯ ಅಂಗಡಿಯವನನ್ನು ತರಬೇಕಾದರೆ ಮಾತ್ರ ನಾನು ಮೇಲಿನ ಜಂತಿ ನೋಡುತ್ತ ಯೋಚಿಸಬೇಕಾಗುತ್ತಿತ್ತು. ಕೆಟ್ಟ ಮಾತುಗಳು ನಾಲಿಗೆಯ ತುದಿಯಲ್ಲೇ ಇದ್ದವು.

ಒಮ್ಮೆ ಗಿರಿಜಾ ಈ ಜನರನ್ನೆಲ್ಲ ಎಲ್ಲಿಂದ ತರುತ್ತೀರಿ ಎಂದು ಕೇಳಿದಳು. ಪುಸ್ತಕದಿಂದ ಎಂದೆ.

“ಪುಸ್ತಕದಾಗ ಎರಡು ಅಂತಷ್ಟಽ ಬರದೈತ್ರಿ ಸರ,” ಎಂದಳು. ಅದನ್ನು ನಾನು ಹೊಗಳಿಕೆ ಎಂದು ತಿಳಿದೆ.

ಅದೇ ಬೇಸಿಗೆಯಲ್ಲಿ ನಮ್ಮ ಶಾಲೆಯಲ್ಲಿ ವಿಜ್ಞಾನದ ಹುದ್ದೆ ಖಾಲಿಯಾಯಿತು. ಅರ್ಜಿ ಹಾಕು ಎಂದು ಗಿರಿಜಾಗೆ ಹೇಳಿದವನು ನಾನೇ. ನಾನಿದ್ದೇನಲ್ಲ ಎಂದೂ ಹೇಳಿದ್ದೆ. ಸಂದರ್ಶನಕ್ಕೆ ಆಡಳಿತ ಮಂಡಳಿಯ ಅಧ್ಯಕ್ಷರು, ಹೆಡ್‌ಮಾಸ್ತರರು ಮತ್ತು ಹಿರಿಯ ಶಿಕ್ಷಕನೆಂದು ನಾನು, ಮೂವರು ಕೂತಿದ್ದೆವು. ಬಂದ ಐವರಲ್ಲಿ ಅವಳಷ್ಟು ಚೆನ್ನಾಗಿ ಯಾರೂ ಉತ್ತರ ಹೇಳಲಿಲ್ಲ. ಸುಣ್ಣದ ನೀರಿಗೆ ಉಸಿರು ಊದಿದರೆ ಯಾಕೆ ಬೆಳ್ಳಗಾಗುತ್ತದೆ ಎಂಬುದನ್ನು ಏಳನೆಯ ಇಯತ್ತೆಯ ಮಕ್ಕಳಿಗೆ ಹೇಗೆ ಹೇಳುತ್ತೀ ಎಂದರೆ, ಅಧ್ಯಕ್ಷರನ್ನೇ ಏಳನೆಯ ಇಯತ್ತೆಯಲ್ಲಿ ಕೂಡಿಸಿ ಹೇಳಿದಳು. ಅವಳು ಹೊರಗೆ ಹೋಗಿ ಪಡಸಾಲೆಯ ಬಾಕಿನ ಮೇಲೆ ಕೂತಳು. ಸೆಕೆಗೆ ಬಾಗಿಲು ತೆರೆದೇ ಇತ್ತು. ಅಧ್ಯಕ್ಷರು ದನಿ ತಗ್ಗಿಸದೆ, ಆ ಹುಡುಗಿಯ ತಲೆಗೆ ಏನದು ಹಚ್ಚಿದ್ದು, ಕ್ಲಾಸಿನ ಗದ್ದಲದಲ್ಲಿ ಕೇಳುತ್ತದೋ ಇಲ್ಲವೋ ಎಂದರು. ಹೆಡ್‌ಮಾಸ್ತರರು ನನ್ನ ಕಡೆ ನೋಡಿ, ಇವರಿಗೆ ಪರಿಚಯ ಇದೆ ಎಂದರು.

ನಾನು ಆಗ ಏನು ಹೇಳಬೇಕಿತ್ತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಕೇಳುತ್ತದೆ ಎಂದರೆ ಮುಗಿಯುತ್ತಿತ್ತು. ಪರಿಚಯದವಳಿಗೆ ವಶೀಲಿ ಮಾಡಿದ ಎನ್ನಿಸಿಕೊಳ್ಳಬಾರದು ಎಂಬುದೊಂದು ಅಂಜಿಕೆ ಇತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಖರೆಯಲ್ಲ. ಖರೆ ಎಂದರೆ, ಇಬ್ಬರು ದೊಡ್ಡ ಮನುಷ್ಯರು ನನ್ನ ಬಾಯಿಯನ್ನೇ ನೋಡುತ್ತಿದ್ದರು, ನನಗೊಂದು ಮಾತು ಹೊಳೆಯಿತು, ಅದು ನಗು ತರುವ ಮಾತಾಗಿತ್ತು.

“ಹುಡುಗರ ಲಕ್ಷ್ಯ ಪಾಠದ ಮ್ಯಾಲ ಇರೂದಿಲ್ರಿ, ಆಕೀ ತಲೀ ಮ್ಯಾಲ ಇರತೈತಿ,” ಎಂದೆ. ಅವಳಿಗೆ ಕೇಳಬಾರದೆಂದು ನಾನು ಮಾತ್ರ ದನಿ ತಗ್ಗಿಸಿದ್ದೆ. ಬಾಕಿನ ತನಕ ಮಾತು ಹೋದರೆ ಅವಳಿಗೆ ಕೇಳುತ್ತದೆ ಎಂದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ಅಧ್ಯಕ್ಷರು ಹೊಟ್ಟೆ ಕುಲುಕಿಸಿ ನಕ್ಕರು. ಹುದ್ದೆ ಬೇರೆಯವರಿಗೆ ಹೋಯಿತು. ಮುಂದಿನ ರವಿವಾರ ನಾನು ಗಿರಿಜಾಗೆ, ಹೆಚ್ಚು ಅನುಭವ ಇದ್ದವರು ಸಿಕ್ಕರು, ನನ್ನ ಕೈಲಾದಷ್ಟು ಹೇಳಿದೆ ಎಂದೆ. ಅವಳು ಹೌದ್ರಿ ಎಂದಳು. ದಾಳದ ಚೀಲ ಬಿಚ್ಚಿದಳು. ಆ ದಿನವೂ, ಅದರ ಮುಂದಿನ ಎರಡು ರವಿವಾರವೂ ಏನೂ ಆಗದಂತೆ ಆಡಿದಳು. ನಾನೂ ಆಗಲೇ ಅರ್ಧ ಮರೆತಿದ್ದೆ.

ನಾಲ್ಕನೆಯ ರವಿವಾರ ಕಥೆಯಲ್ಲಿ ಚಂದ್ರಿ ಮತ್ತು ಗೆಳೆಯರು ಒಂದು ಖಾನಾವಳಿಯ ಮುಂದೆ ಬಂದು ನಿಂತರು. ಒಳಗಿದ್ದ ಒಬ್ಬನಿಗೆ ಸುದ್ದಿ ಮುಟ್ಟಿಸಬೇಕು. ಮಾಲೀಕ ನಾನು. ಹೆಗಲಿಗೆ ಟವೆಲ್ ಹಾಕಿಕೊಂಡೆ, ಹೊಟ್ಟೆ ಮುಂದೆ ಬಿಟ್ಟೆ. ಸಂಗಪ್ಪನ ಪಾತ್ರಕ್ಕೆ ಬರ್ರಿ ಎಂದೆ, ನಜೀರನ ಪಾತ್ರಕ್ಕೆ ಕೂಡ್ರಿ ಎಂದೆ. ಚಂದ್ರಿಗೆ ಅಡ್ಡ ಕೈ ಹಿಡಿದು ಉಳಿದಿಬ್ಬರಿಗೆ ಹೇಳಿದೆ:

“ಗಿರಾಕಿ ಲಕ್ಷ್ಯ ಊಟದ ಮ್ಯಾಲ ಇರೂದಿಲ್ರಿ, ಈಕೀ ತಲೀ ಮ್ಯಾಲ ಇರತೈತಿ.”

ಸಂಗಪ್ಪ ಎಂದಿನಂತೆ ನಕ್ಕ. ನನಗೆ ನನ್ನ ಮಾತು ಕೇಳಿಸಿದ್ದು ಅವನ ನಗು ಮುಗಿದ ಮೇಲೆ. ಗಿರಿಜಾ ಕೈಯಲ್ಲಿ ದಾಳ ಹಿಡಿದುಕೊಂಡೇ ಇದ್ದಳು. ಮೂರು ವರ್ಷ ಕಿವಿಯಿಲ್ಲದೆ ಕಳೆದವಳಿಗೆ ತುಟಿ ಓದುವುದು ಒಂದಿಷ್ಟು ಬರುತ್ತದೆ ಎಂಬುದು ನನಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

“ಅವತ್ತ ಬಾಗಿಲದಾಗಿಂದ ಅರ್ಧಾ ಕಂಡಿತ್ರಿ ಸರ,” ಎಂದಳು. “ಉಳದ ಅರ್ಧಾ ಇವತ್ತ ಕೇಳಿಸ್ತು.”

ಉಳಿದಿಬ್ಬರಿಗೆ ತಿಳಿಯಲಿಲ್ಲ. ಅವಳು ದಾಳ ಎಸೆದಳು. ಕೌದಿಯ ಮೇಲೆ ಸಪ್ಪಳವಾಗದೆ ಉರುಳಿ ಒಂಬತ್ತು ಬಿತ್ತು. ಎರಡು ಕಳೆದರೆ ಏಳು. ಮಾಲೀಕನನ್ನು ಒಪ್ಪಿಸಲು ಆರು ಸಾಕಿತ್ತು. ನಿಯಮದ ಪ್ರಕಾರ ಈಗ ನಾನು ಕೈ ಇಳಿಸಿ, ಒಳಗೆ ಬಾ ಎನ್ನಬೇಕು. ಅವಳು ನನ್ನನ್ನೇ ನೋಡುತ್ತ ಕಾಯ್ದಳು. ನೂರು ಜನರ ದನಿ ತೆಗೆಯುವ ನನ್ನ ಬಾಯಿಂದ ಆ ಎರಡು ಶಬ್ದ ಬರಲಿಲ್ಲ. ನಜೀರ್ ನನ್ನ ಮುಖ ನೋಡಿದ, ಅವಳ ಮುಖ ನೋಡಿದ. ಆಮೇಲೆ ಅವನೇ ಮೆಲ್ಲಗೆ, “ಬರ್ರಿ ತಂಗೀ, ಒಳಗ ಬರ್ರಿ,” ಎಂದ.

ಗಿರಿಜಾ ಚಂದ್ರಿಯ ಪಾತ್ರ ಬರೆದುಕೊಂಡ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿ ಇಟ್ಟುಕೊಂಡಳು. ಐದರ ಬಸ್ಸಿಗೆ ಹೋಗುತ್ತೇನೆ ಎಂದಳು. ಹೋದಳು.

ನಡೆದದ್ದನ್ನು ಸಂಗಪ್ಪನಿಗೆ ನಾನೇ ಫೋನಿನಲ್ಲಿ ಹೇಳಿದೆ. ಅವನು, ಕಬ್ಬಿಗೆ ನೀರಿನ ಪಾಳಿ ಇದೆ, ಇನ್ನು ರವಿವಾರ ಆಗಲಿಕ್ಕಿಲ್ಲ ಎಂದ. ಅವನ ಹೊಲಕ್ಕೆ ಅಲ್ಲಿಯವರೆಗೆ ಯಾವ ರವಿವಾರವೂ ನೀರಿನ ಪಾಳಿ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ನಜೀರ್ ಬಸ್ ನಿಲ್ದಾಣದಲ್ಲಿ ಸಿಕ್ಕ. ಗಿರಿಜಾಗೆ ಮುಧೋಳದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿದೆಯಂತೆ. ರವಿವಾರ ಮಧ್ಯಾಹ್ನ ಸ್ಟುಡಿಯೋದಲ್ಲಿ ಕೂಡುತ್ತಾರಂತೆ, ಸಂಗಪ್ಪನೂ ಹೋಗುತ್ತಾನಂತೆ. ಈಗ ಆಟ ನಡೆಸುವವಳು ಅವಳು. ಆ ನಿಯಮ ಇಟ್ಟಿದ್ದಾಳೋ ತೆಗೆದಿದ್ದಾಳೋ ಎಂದು ಕೇಳಿದೆ.

“ಐತ್ರಿ. ಎರಡು ಕಳೀತಾಳ,” ಎಂದ ನಜೀರ್. “ಆದ್ರ ಆಕಿ ಆ ಮಂದಿ ದನಿ ತಗದ್ರ ನಮಗ ನಗು ಬರೂದಿಲ್ರಿ.”

ನೀವೂ ಬನ್ನಿ ಎಂದು ಅವನು ಹೇಳಲಿಲ್ಲ. ಬಸ್ಸು ಬಂತು.

ಇಲ್ಲಿಗೇ ನಿಲ್ಲಿಸಿದರೆ ನನ್ನ ತಪ್ಪು ಒಂದೇ ಎಂದು ನೀವು ತಿಳಿದೀರಿ. ಅವಳು ನಮ್ಮ ಮನೆಯಿಂದ ಹೋದ ಎರಡು ವಾರಕ್ಕೆ, ಎಂದರೆ ಮುಧೋಳದ ಕೆಲಸ ಸಿಗುವ ಮೊದಲೇ, ನಾನು ಬನಹಟ್ಟಿಗೆ ಅವಳ ಮನೆಗೆ ಹೋಗಿದ್ದೆ. ಕ್ಷಮೆ ಕೇಳುವುದು ದೊಡ್ಡ ಗುಣ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವನು ನಾನು. ದಾರಿಯುದ್ದಕ್ಕೂ ಮಾತುಗಳನ್ನು ಹೊಂದಿಸಿಕೊಂಡೆ. ಕೆಲವು ಮಾತುಗಳು ಚೆನ್ನಾಗಿಯೂ ಇದ್ದವು.

ಅವಳ ತಾಯಿ ನನ್ನನ್ನು ನೋಡಿ ಬಾಗಿಲಿಗೇ ನೀರು ತಂದರು. ಸರ ಬಂದರು ಎಂದು ಚಾಪೆ ಕೊಡವಿ ಹಾಸಿದರು. ತಮ್ಮ ಮಗಳ ಸಲುವಾಗಿ ನಾನು ಬಹಳ ಓಡಾಡಿದೆ, ಹಣೆಬರಹ ಇರಲಿಲ್ಲ, ನನ್ನ ಉಪಕಾರ ಮರೆಯುವುದಿಲ್ಲ ಎಂದರು. ನಾನು ನೀರು ಕುಡಿದೆ. ಗಿರಿಜಾ ಮೊರದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ತಾಯಿಯೇ ಮಾತಾಡಿದರು. ತಲೆಯಲ್ಲಿ ಯಂತ್ರ ಕೂಡಿಸಿಕೊಳ್ಳಲು ಗಿರಿಜಾಗೆ ಒಂದಿಷ್ಟೂ ಮನಸ್ಸಿರಲಿಲ್ಲವಂತೆ, ಮಂದಿ ನೋಡುತ್ತಾರೆ ಎಂದು ಅತ್ತಳಂತೆ. ನೋಡುವವರು ನೋಡಲಿ, ನೀನು ಕೇಳು ಎಂದು ತಾಯಿ ಎರಡು ದಿನ ಊಟ ಬಿಟ್ಟು ಒಪ್ಪಿಸಿದರಂತೆ. ಅದನ್ನು ಹೇಳುವಾಗ ಆ ಹೆಣ್ಣುಮಗಳ ಮುಖದಲ್ಲಿ ಒಂದು ಹೆಮ್ಮೆ ಇತ್ತು. ಚಹಾಕ್ಕೆ ಇಡುತ್ತೇನೆ ಎಂದು ಒಳಗೆ ಹೋದರು.

ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಹೇಳಿದಳು:

“ನೀವು ಏನ್ ಹೇಳಾಕ ಬಂದೀರಿ ನನಗ ಗೊತ್ತೈತ್ರಿ ಸರ. ಹೇಳಿ ಹಗುರಾಗ್ರಿ. ನನಗ ಕೇಳೂದು ಬ್ಯಾಡ.”

ಕಿವಿಯ ಹಿಂದೆ ಕೈ ಹಾಕಿ ಬಿಲ್ಲೆಯನ್ನೂ ಯಂತ್ರವನ್ನೂ ತೆಗೆದಳು. ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ತಲೆ ತಗ್ಗಿಸಿ ಮತ್ತೆ ಶೇಂಗಾ ಸುಲಿಯತೊಡಗಿದಳು. ನನ್ನ ತುಟಿಯನ್ನೂ ನೋಡಲಿಲ್ಲ.

ಬುದ್ಧಿ ಇದ್ದವನು ಅಲ್ಲಿಂದ ಏಳುತ್ತಿದ್ದ. ನಾನು ಹೇಳಿದೆ. ಪಕ್ಕದ ಮನೆಯ ಮಗ್ಗಗಳು ಖಡಖಡ ಎನ್ನುತ್ತಿದ್ದವು, ದನಿ ಏರಿಸಿಯೇ ಹೇಳಿದೆ. ಸಂದರ್ಶನದಲ್ಲಿ ಐವರಲ್ಲಿ ಅವಳೇ ಮೇಲಿದ್ದಳು ಎಂದು ಹೇಳಿದೆ. ಅಧ್ಯಕ್ಷರು ಕೇಳಿದ್ದು, ನಾನು ಆಡಿದ ಮಾತು, ಅವರು ನಕ್ಕದ್ದು, ಆ ತಲೆಯ ಮೇಲಿನ ಯಂತ್ರವೊಂದರ ಸಲುವಾಗಿ ಹುದ್ದೆ ತಪ್ಪಿದ್ದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಕೊನೆಗೆ ಕಣ್ಣಲ್ಲಿ ನೀರೂ ಬಂತು. ಮನಸ್ಸು ನಿಜವಾಗಿ ಹಗುರಾಗುತ್ತಿತ್ತು.

ಕಣ್ಣೊರೆಸಿಕೊಂಡು ನೋಡಿದರೆ ತಾಯಿ ಅಡುಗೆಮನೆಯ ಬಾಗಿಲಲ್ಲಿ ಚಹಾದ ಕಪ್ಪು-ಬಸಿ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಬಸಿಯೊಳಗೆ ಚಹಾ ಚೆಲ್ಲಿತ್ತು.

“ಪೋಸ್ಟ್ ರದ್ದಾತು ಅಂತ ಹೇಳಿದ್ಳರಿ ನನಗ,” ಎಂದರು. ನನಗೆ ಹೇಳಿದ್ದೋ, ತಮಗೇ ಹೇಳಿಕೊಂಡದ್ದೋ. ಆಮೇಲೆ ನನ್ನ ಕಡೆ ನೋಡಿದರು. “ಆಕೀಗೆ ಕೇಳಸಲಿಲ್ಲಲ್ರಿ ಸರ. ನನಗ್ಯಾಕ ಕೇಳಿಸಿದ್ರಿ?”

ನೆಲದ ಮೇಲೆ ತಾಯಿಯ ನೆರಳು ಕಂಡು ಗಿರಿಜಾ ತಲೆ ಎತ್ತಿದಳು. ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕಿಟಕಿಯಿಂದ ಯಂತ್ರ ತೆಗೆದುಕೊಂಡು ಅವಸರದಲ್ಲಿ ಕಿವಿಗೆ ಏರಿಸಿದಳು, ಬಿಲ್ಲೆ ಕೂದಲಲ್ಲಿ ಸಿಕ್ಕಿಕೊಂಡಿತು, ಬಿಡಿಸಿ ಅಂಟಿಸಿದಳು.

“ಏನಾತ ಬೇ ಅವ್ವಾ?”

ತಾಯಿ ಅಷ್ಟರಲ್ಲಿ ಸೆರಗಿನಿಂದ ಬಸಿ ಒರೆಸಿಕೊಂಡಿದ್ದರು.

“ಏನಿಲ್ಲವಾ. ಸರ ಹೊಂಟಾರ. ಚಹಾ ಬ್ಯಾಡಂತ.”